ಹಾಸ್ಟೆಲ್ಲಿಗೆ ಹೊರಡುವ ಮುಂಚೆ ಒಂದ್ಸಲ ಬ್ಯಾಂಕಿಗೆ

ಹೊಸನಗರದಿಂದ: ಮಗಳಿಗೆ ಮುಂದಿನ ತಿಂಗಳು 18 ತುಂಬುತ್ತದೆ. ಪಿಯುಸಿ ಮುಗಿಯಿತು, ಇಂಜಿನಿಯರಿಂಗಿಗೆ ಮೈಸೂರಿಗೆ ಹೋಗುತ್ತಾಳೆ. ನನಗೂ ನಮ್ಮ ಯಜಮಾನರಿಗೂ ಈ ಕಾಗದ-ಪತ್ರ, ದುಡ್ಡಿನ ವಿಚಾರ ಅಷ್ಟಕ್ಕಷ್ಟೆ. ಏನೇನು ಮಾಡಿಟ್ಟುಕೊಳ್ಳಬೇಕು? ಅನುಭವ ಇದ್ದವರು ಹೇಳಿ.

ತೀರ್ಥಹಳ್ಳಿ ಕಡೆಯಿಂದ: ಅಕ್ಕಾ, ಮೊದಲು ಬ್ಯಾಂಕು. ನಾವು ಎಡವಿದ್ದು ಅಲ್ಲೇ. ಮಗ ಸಣ್ಣವನಿದ್ದಾಗ ಅವನ ಹೆಸರಲ್ಲಿ ಖಾತೆ ತೆರೆದಿದ್ದೆ, ಗಾರ್ಡಿಯನ್ ಅಂತ ನನ್ನ ಸಹಿ. ಅಡಿಕೆ ಮಾರಿದ ದುಡ್ಡು ಫೀಸಿಗಿರಲಿ ಅಂತ ಅದರಲ್ಲೇ ಹಾಕಿಟ್ಟಿದ್ದೆ. 18 ತುಂಬಿದ ಮೇಲೆ ನನ್ನ ಸಹಿ ನಡೆಯುವುದಿಲ್ಲ ಅಂತ ಗೊತ್ತಾಗಿದ್ದು ಫೀಸ್ ಕಟ್ಟುವ ವಾರ! ಅವನೇ ಬಂದು ಕೆವೈಸಿ, ಅಂದರೆ ಗುರುತು-ವಿಳಾಸದ ದಾಖಲೆ ಕೊಟ್ಟು, ಮಾದರಿ ಸಹಿ ಹಾಕಬೇಕು. ಅವನು ಆಗಲೇ ಹಾಸ್ಟೆಲ್ಲಲ್ಲಿ. ರಾತ್ರಿ ಬಸ್ಸಿಗೆ ಬಂದವನು ಒಂದೇ ಫಾರಂನಲ್ಲಿ ಮೂರು ಥರ ಸಹಿ ಮಾಡಿದ. ಮತ್ತೆ ಹೊಸ ಫಾರಂ. ಮಗಳಿಗೆ ಈಗಿನಿಂದಲೇ ಒಂದೇ ಸಹಿ ರೂಢಿ ಮಾಡಿಸಿ, ನಗಬೇಡಿ.

ಮೊಬೈಲ್ ನಂಬರೂ ಅವಳದ್ದೇ ಹಾಕಿಸಿ. ನಮ್ಮಲ್ಲಿ ಮಳೆಗಾಲಕ್ಕೆ ಕರೆಂಟ್ ಹೋದರೆ ಟವರೂ ಹೋಯಿತು. ಮಗ ಅಲ್ಲಿ ಫೀಸ್ ಕಟ್ಟಲು ಕೂತಿದ್ದಾನೆ, ನಾನಿಲ್ಲಿ ಕಂಬಳಿಕೊಪ್ಪೆ ಹೊದ್ದು ಗುಡ್ಡ ಹತ್ತಿ ಓಟಿಪಿ ಕಾಯುತ್ತಿದ್ದೆ. ಅದು ಬರುವ ಹೊತ್ತಿಗೆ ಅವಧಿ ಮುಗಿದಿತ್ತು.

ಚಿಕ್ಕಂದಿನಲ್ಲಿ ಮಾಡಿಸಿದ ಪ್ಯಾನ್ ಕಾರ್ಡಿದ್ದರೆ ಅದರಲ್ಲಿ ಫೋಟೋ, ಸಹಿ ಇರುವುದಿಲ್ಲ. ತಿದ್ದುಪಡಿ ಅರ್ಜಿ ಹಾಕಿ, ನಂಬರ್ ಅದೇ ಇರುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮಾಡಿಸಿಡಿ, ಸ್ಕಾಲರ್‌ಶಿಪ್ಪಿಗೆ ಬೇಕು.

ಸಾಲ ಮಾಡುವುದಾದರೆ ಮಗಳನ್ನೂ ಕೂರಿಸಿಕೊಂಡು ಮಾತಾಡಿ. ಎಜುಕೇಶನ್ ಲೋನಿನಲ್ಲಿ ಸಾಲಗಾರಳು ಅವಳೇ, ನೀವು ಜೊತೆ ಸಾಲಗಾರರು. ಕಂತು ತಪ್ಪಿದರೆ ಇಬ್ಬರ ಸಿಬಿಲ್ಲೂ, ಅಂದರೆ ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕವೂ ಕೆಡುತ್ತದೆ. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿರುವವರಿಗೆ ಬಡ್ಡಿಯ ಮೇಲೆ ವಿನಾಯಿತಿ 8 ವರ್ಷದವರೆಗೆ ಸಿಗುತ್ತದೆ. ನಮ್ಮಂಥ ತೋಟದವರಿಗೆ ಅದರಿಂದ ಏನೂ ಇಲ್ಲ ಬಿಡಿ.

ಸಾಗರದಿಂದ: ಹೆಣ್ಣುಮಕ್ಕಳ ಹೆಸರಲ್ಲಿ ತೆರೆಯುವ ಸರ್ಕಾರಿ ಉಳಿತಾಯ ಖಾತೆ, ಸುಕನ್ಯಾ ಸಮೃದ್ಧಿ, ಇದ್ದರೆ ಮರೆಯಬೇಡಿ. ಓದಿಗೆ ಅಂತ, ಹಿಂದಿನ ಆರ್ಥಿಕ ವರ್ಷದ ಕೊನೆಯಲ್ಲಿದ್ದ ಮೊತ್ತದ ಅರ್ಧದವರೆಗೆ ತೆಗೆಯಬಹುದು. ಕಾಲೇಜಿನ ಅಡ್ಮಿಷನ್ ಕಾಗದ ಇಲ್ಲಾ ಫೀಸ್ ಚೀಟಿ ತೋರಿಸಬೇಕು. 18 ಆದ ಮೇಲೆ ಆ ಖಾತೆಗೂ ಮಗಳದ್ದೇ ಸಹಿ.

ವೋಟರ್ ಲಿಸ್ಟಿಗೆ ಫಾರಂ 6 ಹಾಕಬೇಕಲ್ಲ, ನಾವು ಊರಿನ ವಿಳಾಸಕ್ಕೇ ಹಾಕಿಸಿದೆವು. ವೋಟಿನ ನೆಪಕ್ಕಾದರೂ ಮನೆಗೆ ಬರುತ್ತಾಳೆ, ಅಲ್ವಾ?