ಸೈಬರ್ ದಾಳಿಯ ಸುದ್ದಿ ಬೇರೆ ಸಂಸ್ಥೆಗಳಿಗೆ ಯಾಕೆ ಹೇಳಬೇಕು?

ಪ್ರಶ್ನೆ: ಸರ್, ನಾನು ವಿದ್ಯುತ್ ವಿತರಣಾ ಕಂಪನಿಯೊಂದರ ಐಟಿ ವಿಭಾಗದಲ್ಲಿದ್ದೇನೆ. ಬ್ಯಾಂಕು, ಟೆಲಿಕಾಂ, ಆಸ್ಪತ್ರೆ, ಸರ್ಕಾರ ಎಲ್ಲ ಸೇರಿ ದಾಳಿಗಳ ಮಾಹಿತಿ ಹಂಚಿಕೊಳ್ಳುವ ಕೂಟಕ್ಕೆ ನಮ್ಮನ್ನೂ ಕರೆದಿದ್ದಾರೆ. ನಮ್ಮ ಮೇಲಿನವರು ಒಪ್ಪುತ್ತಿಲ್ಲ. "ನಮ್ಮ ಹುಳುಕನ್ನು ಊರಿಗೆಲ್ಲ ಯಾಕೆ ಹೇಳಬೇಕು? ಬೇರೆಯವರಿಗೂ ನಮಗೂ ಏನು ಸಂಬಂಧ?" ಅಂತಾರೆ. ಏನು ಹೇಳಲಿ?

ಉತ್ತರ: ಉಕ್ರೇನಿನಲ್ಲಿ 2015ರ ಡಿಸೆಂಬರ್ 23ರಂದು ಆದದ್ದನ್ನು ಹೇಳಿ. ಕಂಟ್ರೋಲ್ ರೂಮಿನಲ್ಲಿ ಕೂತವರ ಕಣ್ಣೆದುರೇ ಪರದೆಯ ಮೇಲಿನ ಕರ್ಸರ್ ತನ್ನಷ್ಟಕ್ಕೆ ಓಡಾಡತೊಡಗಿತು. ಬ್ರೇಕರ್‌ಗಳು, ಅಂದರೆ ಕರೆಂಟ್ ಹರಿವನ್ನು ಕಡಿಯುವ ದೊಡ್ಡ ಸ್ವಿಚ್‌ಗಳು, ಒಂದೊಂದಾಗಿ ಆಫ್ ಆದವು. ಅರ್ಧ ಗಂಟೆಯೊಳಗೆ ಮೂರು ವಿತರಣಾ ಕಂಪನಿಗಳಲ್ಲಿ ಹೀಗೇ ಆಯಿತು. ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು. ಅದೇ ಹೊತ್ತಿಗೆ ಕಾಲ್ ಸೆಂಟರಿಗೆ ಸುಳ್ಳು ಕರೆಗಳ ಸುರಿಮಳೆ. ನಿಜವಾಗಿ ಕತ್ತಲಲ್ಲಿದ್ದವರ ಫೋನಿಗೆ ಲೈನೇ ಸಿಗದ ಹಾಗೆ ಮಾಡುವುದು ದಾಳಿಕೋರರ ಉದ್ದೇಶ. ಕೊನೆಗೆ ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೆ ಓಡಿ ಕೈಯಿಂದಲೇ ಬ್ರೇಕರ್ ಹಾಕಿದರು.

ಇದು ಬರೀ ವಿದ್ಯುತ್ ಕಂಪನಿಯ ತೊಂದರೆ ಅಲ್ಲ, ಅಲ್ವಾ? ಫೋನ್ ಜಾಲದವರ ನೆರವೂ ಬೇಕಿತ್ತು. ಕಳ್ಳರು ಬಂದದ್ದು ಇಮೇಲ್ ಅಟ್ಯಾಚ್‌ಮೆಂಟ್ ಹಿಡಿದು, ತಿಂಗಳುಗಟ್ಟಲೆ ಒಳಗೇ ಕೂತಿದ್ದರು. ಆ ಮೂರರಲ್ಲಿ ಒಬ್ಬರ ಕಣ್ಣಿಗೆ ಬಿದ್ದಿದ್ದರೂ, ಅವರು ಉಳಿದವರಿಗೆ ಹೇಳಿದ್ದರೂ ಹುಡುಕಲು ಸಮಯ ಸಿಗುತ್ತಿತ್ತು.

ಹೆಸರು ಕೆಡುವ ಭಯ ನನಗೆ ಅರ್ಥವಾಗುತ್ತದೆ. ಆದರೆ ನೀವು ಹೇಳಬೇಕಾದದ್ದು ಮೋಸದ ಮೇಲ್ ಬಂದ ವಿಳಾಸ, ಫೈಲಿನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು), ದಾಳಿ ಬಂದ ಕಂಪ್ಯೂಟರಿನ ಐಪಿ ವಿಳಾಸ, ಇಷ್ಟೇ. ಕಂಪನಿಯ ಹೆಸರು ಬೇಕಿಲ್ಲ. ಮಾಹಿತಿಯನ್ನು ಯಾರವರೆಗೆ ದಾಟಿಸಬಹುದು ಅಂತ ಬಣ್ಣದಲ್ಲಿ ಗುರುತಿಸುವ ಟ್ರಾಫಿಕ್ ಲೈಟ್ ಪ್ರೋಟೋಕಾಲ್ ಇದೆ. ಕೆಂಪು ಗುರುತು ಹಾಕಿದರೆ ಕೇಳಿದವರು ಬೇರೆ ಯಾರಿಗೂ ದಾಟಿಸುವಂತಿಲ್ಲ. ಹಸಿರಾದರೆ ಕೂಟದ ವಲಯದೊಳಗೆ ಹಂಚಬಹುದು, ಹೊರಗೆ ಹಾಕುವಂತಿಲ್ಲ.

ಮತ್ತೊಬ್ಬರ ಪ್ರಶ್ನೆ: ನಮ್ಮದು ಆಸ್ಪತ್ರೆ. ಇಂಥ ಕೂಟದಲ್ಲಿದ್ದೇವೆ ಸರ್. ಎಚ್ಚರಿಕೆಯ ಮೇಲ್‌ಗಳು ಜಾಸ್ತಿ ಬರುತ್ತವೆ, ಓದುವವರಿಲ್ಲ.

ಉತ್ತರ: ನನಗೆ ಜಾಸ್ತಿ ಚಿಂತೆ ಇದರದ್ದೇ. ಕಂಪ್ಯೂಟರಿನ ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ವಾನಾಕ್ರೈ ದಾಳಿ ಆದದ್ದು 2017ರ ಮೇ 12ಕ್ಕೆ. ಅದು ನುಸುಳಿದ ದೋಷವನ್ನು ಮುಚ್ಚುವ ಮೈಕ್ರೋಸಾಫ್ಟ್ ಪ್ಯಾಚ್ ಬಂದದ್ದು ಮಾರ್ಚ್ 14ಕ್ಕೆ. ಪ್ಯಾಚ್ ಹಾಕಿ ಅಂತ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯೊಳಗೆ ಮಾರ್ಚ್‌ನಲ್ಲೂ ಏಪ್ರಿಲ್‌ನಲ್ಲೂ ಎಚ್ಚರಿಕೆ ಹೋಗಿತ್ತು. ಆದರೂ ಆ ಸೇವೆಯ ಆಸ್ಪತ್ರೆ ಮುಂತಾದವನ್ನು ನಡೆಸುವ 236 ಟ್ರಸ್ಟ್‌ಗಳಲ್ಲಿ ಕನಿಷ್ಠ 80ಕ್ಕೆ ಪೆಟ್ಟು ಬಿತ್ತು. ಸುಮ್ನೆ ಮೇಲ್ ಕಳಿಸಿದರೆ ಸಾಲದು. ಓದುವುದು ಇಂಥವರ ಕೆಲಸ ಅಂತ ಹೆಸರು ಬರೆದಿಡಿ. "ನಮಗಿದು ಅನ್ವಯಿಸುತ್ತದಾ, ಏನು ಮಾಡಿದೆವು" ಅಂತ ಅವರು ಅದೇ ದಿನ ಒಂದು ಸಾಲು ಬರೆಯಲಿ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಮೊದಲು ಏನು ಮಾಡಲಿ?

ಉತ್ತರ: ಟೆಲಿಕಾಂ, ಬ್ಯಾಂಕು, ಆಸ್ಪತ್ರೆಗಳಲ್ಲಿ ನಿಮ್ಮಂಥದೇ ಕೆಲಸ ಮಾಡುವವರ ಪರಿಚಯ ಮಾಡಿಕೊಳ್ಳಿ. ಗೊತ್ತಿರುವ ದನಿಯಾದರೆ ಮಧ್ಯರಾತ್ರಿಯೂ ಫೋನ್ ಎತ್ತುತ್ತಾರೆ. ಅವರ ನಂಬರ್‌ಗಳನ್ನು ಕಾಗದದಲ್ಲಿ ಪ್ರಿಂಟ್ ತೆಗೆದಿಡಿ. ದಾಳಿಯಾದ ಒಂದು ಸಂಸ್ಥೆಗೆ ನಾನು ಹೋದಾಗ ಅವರ ಹತ್ತಿರ ಒಳ್ಳೆಯ ಪಟ್ಟಿಯೇ ಇತ್ತು. ಆದರೆ ಅದು ಲಾಕ್ ಆದ ಸರ್ವರ್‌ನೊಳಗಿತ್ತು.