ಮೇಡನ್‌ಹೆಡ್‌ನಲ್ಲಿ ಮಗಳ ಶಾಲೆ: ಕೋಚಿಂಗ್‌ಗಿಂತ ಮೊದಲು ಮನೆಯ ವಿಳಾಸ ನೋಡಿ

ಮಗಳು ಇಯರ್ ಫೈವ್‌ನಲ್ಲಿ, ಅಂದರೆ ಒಂಬತ್ತು-ಹತ್ತರ ವಯಸ್ಸಿನ ತರಗತಿಯಲ್ಲಿದ್ದಾಳೆ, ಹನ್ನೊಂದರ ವಯಸ್ಸಿಗೆ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸಿಕೊಳ್ಳುವ ಸ್ಲೌ ಊರಿನ ಗ್ರಾಮರ್ ಶಾಲೆಗಳಿಗೆ ಈಗಲೇ ಕೋಚಿಂಗ್ ಹಾಕಬೇಕೇ, ಇಂಗ್ಲೆಂಡಿನ ನಮ್ಮ ಮೇಡನ್‌ಹೆಡ್‌ನ ನ್ಯೂಲ್ಯಾಂಡ್ಸ್ ಗರ್ಲ್ಸ್ ಸ್ಕೂಲ್ ಸಾಕೇ ಎಂದು ಕೇಳಿದ್ದೀರಿ. ಆ ‘ಸಾಕೇ’ ಎಂಬ ಮಾತು ಮನಸ್ಸಿಗೆ ಚುಚ್ಚಿತು, ಅದಕ್ಕೇ ಬರೆಯುತ್ತಿದ್ದೇನೆ.

ನ್ಯೂಲ್ಯಾಂಡ್ಸ್ ಕಾಂಪ್ರಹೆನ್ಸಿವ್ ಶಾಲೆ. ಪ್ರವೇಶ ಪರೀಕ್ಷೆಯಿಲ್ಲ, ಶುಲ್ಕವಿಲ್ಲ. ಇಷ್ಟು ಕೇಳಿದರೆ ಸಾಕು, ನಮ್ಮವರು ಮೂಗು ಮುರಿಯುತ್ತಾರೆ. ಹನ್ನೊಂದರ ವಯಸ್ಸಿಗೇ ಮಕ್ಕಳನ್ನು ಜರಡಿ ಹಿಡಿಯುವುದು ಬೇಡ ಎಂದು 1965ರಲ್ಲಿ ಸರ್ಕಾರ ಸ್ಥಳೀಯ ಆಡಳಿತಗಳಿಗೆ ಸುತ್ತೋಲೆ ಕಳಿಸಿತು. ಆಮೇಲೆ ಇಂಥ ಶಾಲೆಗಳೇ ಇಲ್ಲಿ ರೂಢಿಯಾದವು. ಇಡೀ ಇಂಗ್ಲೆಂಡಿನಲ್ಲಿ ಈಗ ಉಳಿದಿರುವ ಗ್ರಾಮರ್ ಶಾಲೆಗಳು 163. ಪಕ್ಕದ ಸ್ಲೌ, ಬಕಿಂಗ್‌ಹ್ಯಾಮ್‌ಶೈರ್‌ಗಳಲ್ಲಿ ಅವು ಇರುವುದರಿಂದ ನಮ್ಮ ಮಾತೆಲ್ಲ ಅವುಗಳ ಸುತ್ತಲೇ ಗಿರಕಿ ಹೊಡೆಯುತ್ತದೆ, ಅಷ್ಟೆ.

ನಾವು ಮೊದಲ ಬಾರಿಗೆ ಹೆಣ್ಣುಮಕ್ಕಳ ಶಾಲೆಯೊಂದರ ಓಪನ್ ಈವ್ನಿಂಗ್‌ಗೆ ಹೋದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಪ್ರಯೋಗಾಲಯದಲ್ಲಿ ಹದಿಮೂರರ ಹುಡುಗಿಯೊಬ್ಬಳು ನನ್ನ ಮಗಳಿಗೆ ರಕ್ಷಣಾ ಕನ್ನಡಕ ತೊಡಿಸಿ, ತಾಮ್ರದ ಲವಣ ಅಂಟಿದ ತಂತಿಯನ್ನು ಬುನ್ಸೆನ್ ದೀಪಕ್ಕೆ ಹಿಡಿದಳು. ಜ್ವಾಲೆ ಹಸಿರಾಯಿತು. ‘ಈಗ ನೀನು ಹಿಡಿ’ ಎಂದು ತಂತಿಯನ್ನು ಇವಳ ಕೈಗೇ ಕೊಟ್ಟಳು. ಪ್ರೈಮರಿಯಲ್ಲಿ ಸಲಕರಣೆ ಮುಟ್ಟುತ್ತಿದ್ದವರು ಹುಡುಗರು, ಪಕ್ಕದಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದವಳು ಇವಳು. ಮನೆ ಮುಟ್ಟುವವರೆಗೂ ಆ ಹಸಿರು ಜ್ವಾಲೆಯದೇ ಮಾತು. ಎಲ್ಲ ಮಕ್ಕಳಿಗೂ ಹುಡುಗಿಯರ ಶಾಲೆಯೇ ಒಗ್ಗುತ್ತದೆ ಎನ್ನಲಾರೆ. ನನ್ನ ಮಗಳಿಗೆ ಒಗ್ಗಿತು.

ಇನ್ನು ಅರ್ಜಿಯ ವಿಚಾರ. ಅದನ್ನು ಸಲ್ಲಿಸಬೇಕಾದದ್ದು ನೀವು ವಾಸಿಸುವ ಪ್ರದೇಶದ ಕೌನ್ಸಿಲ್‌ಗೆ. ಇಯರ್ ಸಿಕ್ಸ್‌ನ ಅಕ್ಟೋಬರ್ 31 ಕೊನೆಯ ದಿನ, ಮಾರ್ಚ್ 1ರ ಹೊತ್ತಿಗೆ ಉತ್ತರ. ಸೀಟಿಗಿಂತ ಅರ್ಜಿ ಹೆಚ್ಚಾದಾಗ ಅದೇ ಶಾಲೆಯಲ್ಲಿ ಓದುತ್ತಿರುವ ಅಕ್ಕತಂಗಿಯರು, ಮನೆಯ ದೂರ ಮುಂತಾದವು ಲೆಕ್ಕಕ್ಕೆ ಬರುತ್ತವೆ. ಆಯಾ ಶಾಲೆಯ ನಿಯಮ ಓದಿಯೇ ಬಾಡಿಗೆ ಮನೆ ಹಿಡಿಯಿರಿ, ಕರಾರು ಅಕ್ಟೋಬರಿಗೆ ಮೊದಲೇ ಆಗಲಿ. ಒಂದೇ ಶಾಲೆಯ ಹೆಸರು ಬರೆದು ಸುಮ್ಮನಾಗಬೇಡಿ. ನಿಜವಾಗಿ ಬೇಕಾದದ್ದನ್ನು ಮೊದಲು ಬರೆಯಿರಿ. ಎರಡನೆಯದಾಗಿ ಬರೆದಿರೆಂದು ಯಾವ ಶಾಲೆಯೂ ಸೀಟು ತಪ್ಪಿಸುವಂತಿಲ್ಲ.

ಮನೆ ನೋಡಲು ಬರುವ ದಿನ ಮೊದಲೇ ತಿಳಿಸಿ, ಮಗಳನ್ನೂ ಕರೆತನ್ನಿ. ಊಟ ನಮ್ಮಲ್ಲೇ. ಆ ಮನೆಯಿಂದ ಶಾಲೆಯ ಗೇಟಿನವರೆಗೆ ಎಷ್ಟು ನಿಮಿಷದ ನಡಿಗೆ ಎಂದು ಒಟ್ಟಿಗೇ ನಡೆದು ನೋಡೋಣ.