ಸ್ಟೋರೇಜ್ ಕಂಟ್ರೋಲರ್ ಡ್ರೈವರ್ ತಾರೀಕು 2006 ಅಂತ ತೋರಿಸುತ್ತಿದೆ, ಅಪ್‌ಡೇಟ್ ಮಾಡಲೇಬೇಕಾ?

ಎರಡುಡಿಸ್ಕ್:

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ನನ್ನ ಡೆಸ್ಕ್‌ಟಾಪ್ ಆಗಾಗ ಹ್ಯಾಂಗ್ ಆಗುತ್ತಿದೆ. ಮೌಸ್ ಓಡಾಡುತ್ತದೆ, ಆದರೆ ಯಾವ ಫೋಲ್ಡರೂ ತೆರೆಯುವುದಿಲ್ಲ. ಟಾಸ್ಕ್ ಮ್ಯಾನೇಜರ್ ನೋಡಿದರೆ ಡಿಸ್ಕ್ 100% ಅಂತ ಇರುತ್ತದೆ, ಓದುವ ಬರೆಯುವ ವೇಗ ಮಾತ್ರ ಸೊನ್ನೆ. ಸುಮಾರು ಅರ್ಧ ನಿಮಿಷ ಹಾಗೇ ನಿಂತು, ಆಮೇಲೆ ತಾನಾಗಿಯೇ ಸರಿಹೋಗುತ್ತದೆ.

ವಿಂಡೋಸ್ 10 ಇದೆ. ಒಂದು ಸಾಟಾ ಎಸ್‌ಎಸ್‌ಡಿಯಲ್ಲಿ ವಿಂಡೋಸ್, ಇನ್ನೊಂದು 2 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಫೋಟೋ, ರೆಕಾರ್ಡಿಂಗ್ ಎಲ್ಲಾ. ಮದರ್‌ಬೋರ್ಡ್ ಇಂಟೆಲ್ ಚಿಪ್‌ಸೆಟ್‌ನದು, ಕೊಂಡು ಕೆಲವು ವರ್ಷ ಆಯಿತು. ಈವೆಂಟ್ ವ್ಯೂವರ್‌ನಲ್ಲಿ ಹ್ಯಾಂಗ್ ಆದ ಹೊತ್ತಿಗೆ ಸರಿಯಾಗಿ ಈವೆಂಟ್ 129 ಬಂದಿರುತ್ತದೆ. ಮೂಲ ಸ್ಟೋರ್‌ಎಎಚ್‌ಸಿಐ (ವಿಂಡೋಸ್‌ನದೇ ಸಾಟಾ ಡ್ರೈವರ್), ‘ರೇಡ್‌ಪೋರ್ಟ್1ಕ್ಕೆ ರೀಸೆಟ್ ಕೊಡಲಾಗಿದೆ’ ಅನ್ನೋ ಅರ್ಥದ ಸಾಲು. ನಾನು ರೇಡ್ (ಹಲವು ಡಿಸ್ಕ್‌ಗಳನ್ನು ಒಂದು ಗುಂಪಾಗಿ ಜೋಡಿಸುವುದು) ಮಾಡಿಯೇ ಇಲ್ಲ, ಈ ರೇಡ್‌ಪೋರ್ಟ್ ಎಲ್ಲಿಂದ ಬಂತು ಗೊತ್ತಿಲ್ಲ.

ಡಿವೈಸ್ ಮ್ಯಾನೇಜರ್‌ನಲ್ಲಿ ‘ಸ್ಟ್ಯಾಂಡರ್ಡ್ ಸಾಟಾ ಎಎಚ್‌ಸಿಐ ಕಂಟ್ರೋಲರ್’ ಅಂತ ಎರಡು ಸಲ ಕಾಣಿಸುತ್ತದೆ. ಎರಡರ ಡ್ರೈವರ್ ತಾರೀಕೂ 21-06-2006! ಡ್ರೈವರ್ ಹುಡುಕಿ ಹಾಕಿಕೊಡುವ ಒಂದು ಪ್ರೋಗ್ರಾಮ್ ಓಡಿಸಿದೆ, ಅದು ಕೆಂಪು ಅಕ್ಷರದಲ್ಲಿ ‘ತೀರಾ ಹಳೆಯದು’ ಅಂತ ತೋರಿಸಿ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಹಾಕಿಕೋ ಅನ್ನುತ್ತಿದೆ. ಹಾಕಲಾ? ಯಾವ ವರ್ಷನ್? ಹಾರ್ಡ್ ಡಿಸ್ಕ್‌ನಲ್ಲಿರುವುದು ಹೋದರೆ ಮತ್ತೆ ಸಿಗುವಂಥದ್ದಲ್ಲ, ಅದಕ್ಕೇ ಕೈ ಹಾಕುವ ಮೊದಲು ಕೇಳುತ್ತಿದ್ದೇನೆ.

ಕೇಬಲ್‌ಮೊದಲು:

ಹಾಕಬೇಡಿ. ಮೊದಲು ಆ 2 ಟಿಬಿಯನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ, ಮಿಕ್ಕಿದ್ದೆಲ್ಲಾ ಆಮೇಲೆ.

ಆ 2006ರ ಜೂನ್ 21 ನೋಡಿ ಗಾಬರಿ ಆಗಬೇಡಿ. ಅದು ಡ್ರೈವರಿನ ವಯಸ್ಸಲ್ಲ. ವಿಂಡೋಸ್ ಜೊತೆಗೇ ಬರುವ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟ್ ಬೇಕಂತಲೇ ಆ ಹಳೆಯ ತಾರೀಕು ಹಾಕುತ್ತದೆ. ಕಾರಣ ಸರಳ. ಒಂದೇ ಸಾಧನಕ್ಕೆ ಎರಡು ಡ್ರೈವರ್ ಸಮನಾಗಿ ಹೊಂದಿಕೊಂಡರೆ ವಿಂಡೋಸ್ ತಾರೀಕು ನೋಡಿ ಹೊಸದನ್ನು ಆರಿಸಿಕೊಳ್ಳುತ್ತದೆ. ತನ್ನದಕ್ಕೆ ಇವತ್ತಿನ ತಾರೀಕು ಹಾಕಿದರೆ ನೀವು ಆಸೆಪಟ್ಟು ಹಾಕಿದ ತಯಾರಕರ ಡ್ರೈವರನ್ನು ಅದೇ ಪಕ್ಕಕ್ಕೆ ತಳ್ಳಿಬಿಡುತ್ತದೆ, ಹಾಗಾಗಬಾರದು ಅಂತ ಈ ಏರ್ಪಾಡು. ನಿಜವಾದ ವರ್ಷನ್ ನೋಡಬೇಕಾದರೆ ಅದೇ ಕಿಟಕಿಯಲ್ಲಿ ‘ಡ್ರೈವರ್ ಡೀಟೇಲ್ಸ್’ ಒತ್ತಿ. ಸ್ಟೋರ್‌ಎಎಚ್‌ಸಿಐ ಫೈಲಿನ ವರ್ಷನ್ 10.0 ಅಂತ ಶುರುವಾಗಿ ವಿಂಡೋಸ್ ಬಿಲ್ಡ್ ಸಂಖ್ಯೆ ತೋರಿಸುತ್ತದೆ. ವಿಂಡೋಸ್ ಅಪ್‌ಡೇಟ್ ಆದಾಗ ಅದೂ ಅಪ್‌ಡೇಟ್ ಆಗುತ್ತಾ ಬಂದಿದೆ.

ರೇಡ್‌ಪೋರ್ಟ್ ಅನ್ನೋದು ಬರೀ ಹೆಸರು. ವಿಂಡೋಸ್‌ನ ಸ್ಟೋರ್‌ಪೋರ್ಟ್ ಪದರ ತನ್ನ ಕೆಳಗಿರುವ ಪ್ರತಿ ಕಂಟ್ರೋಲರಿಗೂ ಹಾಗೇ ಹೆಸರಿಡುತ್ತದೆ, ರೇಡ್ ಇರಲಿ ಬಿಡಲಿ.

ಇನ್ನು 129ರ ಅರ್ಥ ಏನಂದರೆ, ಡಿಸ್ಕ್‌ಗೆ ಒಂದು ಕೆಲಸ ಹೇಳಲಾಯಿತು, ಹೊತ್ತಿಗೆ ಸರಿಯಾಗಿ ಉತ್ತರ ಬರಲಿಲ್ಲ, ಆದ್ದರಿಂದ ರೀಸೆಟ್ ಮಾಡಲಾಯಿತು. ಡ್ರೈವರ್ ಇಲ್ಲಿ ದೂರು ಹೇಳುತ್ತಿರುವವನು. ತಪ್ಪು ಅವನದೇ ಅಂತ ಹೇಳಲಿಕ್ಕಾಗುವುದಿಲ್ಲ. ಕೇಬಲ್ ಇರಬಹುದು, ಡಿಸ್ಕ್ ಇರಬಹುದು, ಪವರ್ ಉಳಿಸುವ ಸೆಟ್ಟಿಂಗ್ ಇರಬಹುದು.

ಎರಡು ವಿಷಯ ತಿಳಿಸಿ. ಒಂದು, ಎರಡೂ ಕಂಟ್ರೋಲರ್‌ಗಳ ಹಾರ್ಡ್‌ವೇರ್ ಐಡಿ. ಪ್ರಾಪರ್ಟೀಸ್‌ನಲ್ಲಿ ‘ಡೀಟೇಲ್ಸ್’ ಟ್ಯಾಬ್‌ಗೆ ಹೋಗಿ ಪಟ್ಟಿಯಿಂದ ಆರಿಸಿ. ವೆನ್ ಆದ ಮೇಲೆ ಬರುವ ನಾಲ್ಕು ಅಕ್ಷರ ತಯಾರಕರು ಯಾರು ಅಂತ ಹೇಳುತ್ತವೆ, 8086 ಅಂದರೆ ಇಂಟೆಲ್, 1022 ಎಎಂಡಿ, 1ಬಿ21 ಎಎಸ್‌ಮೀಡಿಯಾ, 1ಬಿ4ಬಿ ಮಾರ್ವೆಲ್. ಅದೇ ಪಟ್ಟಿಯಲ್ಲಿ ಸಿಸಿ ಅಂತ ಶುರುವಾಗುವುದು ಕಂಟ್ರೋಲರ್ ಯಾವ ಮೋಡ್‌ನಲ್ಲಿದೆ ಅನ್ನುತ್ತದೆ. 010601 ಇದ್ದರೆ ಎಎಚ್‌ಸಿಐ (ಸಾಟಾ ಡಿಸ್ಕ್‌ಗಳ ಮಾಮೂಲಿ ಮೋಡ್), 0104 ಇದ್ದರೆ ರೇಡ್, 010802 ಇದ್ದರೆ ಎನ್‌ವಿಎಂಇ (ಪಿಸಿಐ ಎಕ್ಸ್‌ಪ್ರೆಸ್ ಮೇಲೆ ನಡೆಯುವ ವೇಗದ ಎಸ್‌ಎಸ್‌ಡಿ). ಎರಡು, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಪ್ರೋಗ್ರಾಮ್‌ನಲ್ಲಿ ಹಾರ್ಡ್ ಡಿಸ್ಕ್‌ನ ಸ್ಮಾರ್ಟ್ ಪಟ್ಟಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ. 05, ಸಿ5, ಸಿ7 ಈ ಮೂರು ಸಾಲು ಸಾಕು.

ನೀಲಿಪರದೆ ಕಂಡವ:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಇದೇ ತಪ್ಪು ಮಾಡಿದ್ದೆ. ಅಂಥದ್ದೇ ಒಂದು ಪ್ರೋಗ್ರಾಮ್ ‘ಹೊಸ ಡ್ರೈವರ್’ ಅಂತ ಒಂದನ್ನು ಹಾಕಿತು, ರೀಸ್ಟಾರ್ಟ್ ಮಾಡಿದರೆ ನೀಲಿ ಪರದೆ, ಇನಾಕ್ಸೆಸಿಬಲ್ ಬೂಟ್ ಡಿವೈಸ್, ಕೋಡ್ 0x7ಬಿ. ಮತ್ತೆ ಮತ್ತೆ ಅದೇ.

ಬೇರೆ ಡ್ರೈವರ್ ಕೆಟ್ಟರೆ ಇಷ್ಟು ತೊಂದರೆ ಇಲ್ಲ. ಸೌಂಡ್ ಡ್ರೈವರ್ ಕೆಟ್ಟರೆ ಸೌಂಡ್ ಬರಲ್ಲ, ಅಷ್ಟೇ, ವಿಂಡೋಸ್‌ಗೆ ಹೋಗಿ ಸರಿಮಾಡಬಹುದು. ಸ್ಟೋರೇಜ್ ಡ್ರೈವರ್ ಹಾಗಲ್ಲ. ಕಂಪ್ಯೂಟರ್ ಶುರುವಾದಾಗ ಮೊದಲ ಫೈಲ್‌ಗಳನ್ನು ಬಯೋಸ್ (ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್) ನೆರವಿನಿಂದ ಓದಿಕೊಳ್ಳುತ್ತದೆ. ಆಮೇಲೆ ವಿಂಡೋಸ್ ತನ್ನ ಡ್ರೈವರಿಗೆ ಕೆಲಸ ಒಪ್ಪಿಸುತ್ತದೆ. ಆ ಡ್ರೈವರಿಗೆ ಎದುರಿಗಿರುವ ಕಂಟ್ರೋಲರ್ ಗುರುತೇ ಸಿಗದಿದ್ದರೆ ವಿಂಡೋಸ್ ಇರುವ ಡಿಸ್ಕೇ ಕಾಣಿಸುವುದಿಲ್ಲ, ಅಲ್ಲಿಗೆ ದಾರಿ ಮುಗಿಯಿತು. ಸರಿಮಾಡುವ ಸಾಮಾನೆಲ್ಲಾ ಇರುವುದೂ ಅದೇ ಡಿಸ್ಕ್‌ನಲ್ಲಿ ಅಲ್ವಾ.

ನನ್ನನ್ನು ಕಾಪಾಡಿದ್ದು ರಿಸ್ಟೋರ್ ಪಾಯಿಂಟ್. ಬೂಟ್ ಒಂದರ ಹಿಂದೆ ಒಂದರಂತೆ ಸೋತಾಗ ವಿಂಡೋಸ್ ತಾನೇ ರಿಕವರಿ ಪರದೆಗೆ ಹೋಯಿತು, ಅಲ್ಲಿಂದ ಹಿಂದಿನ ದಿನಕ್ಕೆ ಮರಳಿದೆ. ರಿಸ್ಟೋರ್ ಪಾಯಿಂಟ್ ಇಲ್ಲದಿದ್ದರೆ ಏನು ಮಾಡುತ್ತಿದ್ದೆನೋ. ಈಗ ಸ್ಟೋರೇಜ್ ಡ್ರೈವರ್ ಮುಟ್ಟುವ ಮೊದಲು ರಿಸ್ಟೋರ್ ಪಾಯಿಂಟ್ ಮಾಡಿ, ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಒಂದನ್ನು ಪಕ್ಕದಲ್ಲಿ ಇಟ್ಟುಕೊಂಡೇ ಕೂರುತ್ತೇನೆ.

ಕನ್ನಡಿರೇಡ್:

ಆದರೆ ಇಂಟೆಲ್ ಡ್ರೈವರ್ ಯಾರಿಗೂ ಬೇಡ ಅಂತ ಓದಿದವರು ತಿಳಿದುಕೊಳ್ಳಬಾರದು. ನನ್ನ ಪಿಸಿಯಲ್ಲಿ ಎರಡು ಡಿಸ್ಕ್ ರೇಡ್ 1ರಲ್ಲಿವೆ, ಒಂದರಲ್ಲಿ ಇರುವುದೇ ಇನ್ನೊಂದರಲ್ಲೂ ಇರುತ್ತದೆ. ಇದಕ್ಕೆ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಬೇಕೇ ಬೇಕು, ಒಂದು ಡಿಸ್ಕ್ ಸತ್ತರೆ ಎಚ್ಚರಿಸುವುದೂ ಅದರ ಜೊತೆಗಿನ ಪ್ರೋಗ್ರಾಮೇ. ಹಾಗೆಯೇ 11ನೇ ತಲೆಮಾರಿನಿಂದ ಈಚೆಗೆ ಬಂದ ಎಷ್ಟೋ ಇಂಟೆಲ್ ಯಂತ್ರಗಳಲ್ಲಿ ಬಯೋಸ್‌ನಲ್ಲಿ ವಿಎಂಡಿ (ಎನ್‌ವಿಎಂಇ ಡಿಸ್ಕ್‌ಗಳನ್ನು ಇಂಟೆಲ್ ಡ್ರೈವರ್ ಮೂಲಕ ನಡೆಸುವ ಸೆಟ್ಟಿಂಗ್) ಆನ್ ಇರುತ್ತದೆ. ಅದು ಆನ್ ಇದ್ದಾಗ ವಿಂಡೋಸ್ ಹೊಸದಾಗಿ ಹಾಕಲು ಹೋದರೆ ಎಷ್ಟೋ ಸಲ ಡಿಸ್ಕ್ ಪಟ್ಟಿ ಖಾಲಿ ಇರುತ್ತದೆ, ಜನ ಎಸ್‌ಎಸ್‌ಡಿ ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸಿದ್ದೂ ಉಂಟು. ಅಲ್ಲಿ ಮದರ್‌ಬೋರ್ಡ್ ತಯಾರಕರ ಪುಟದಿಂದ ವಿಎಂಡಿ ಡ್ರೈವರ್ ಇಳಿಸಿಕೊಂಡು, ಪೆನ್‌ಡ್ರೈವ್‌ಗೆ ಬಿಚ್ಚಿ ಹಾಕಿ, ‘ಲೋಡ್ ಡ್ರೈವರ್’ ಒತ್ತಿ ತೋರಿಸಬೇಕು. ಆ ಫೈಲನ್ನು ಈಗಲೂ ಎಫ್6 ಡ್ರೈವರ್ ಅಂತಲೇ ಕರೆಯುತ್ತಾರೆ. ಎಕ್ಸ್‌ಪಿ ಕಾಲದಲ್ಲಿ ಎಫ್6 ಒತ್ತಿ ಫ್ಲಾಪಿಯಿಂದ ಹಾಕುತ್ತಿದ್ದರಲ್ಲ, ಆ ಹೆಸರು ಉಳಿದುಕೊಂಡಿದೆ.

ಆರಿಸುವಾಗ ದೊಡ್ಡ ವರ್ಷನ್ ನಂಬರ್ ಹಿಂದೆ ಹೋಗಬೇಡಿ. ಮುಂದಿನ ವರ್ಷನ್ ಬಂದಂತೆಲ್ಲಾ ಇಂಟೆಲ್ ಹಳೆಯ ಚಿಪ್‌ಸೆಟ್‌ಗಳನ್ನು ಕೈಬಿಡುತ್ತಾ ಹೋಗುತ್ತದೆ. ನಿಮ್ಮ ಬೋರ್ಡಿನ ಮಾಡೆಲ್ ಪುಟದಲ್ಲಿ ಏನು ಕೊಟ್ಟಿದ್ದಾರೋ ಅದೇ ಸರಿ.

ಇನ್ನೊಂದು, ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ರೇಡ್ ಇದ್ದವರು ಯಾರೋ ಹೇಳಿದರು ಅಂತ ಬಯೋಸ್‌ನಲ್ಲಿ ಎಎಚ್‌ಸಿಐಗೆ ಬದಲಾಯಿಸಬೇಡಿ. ರೇಡ್ ಗುಂಪು ಒಡೆದು ಡೇಟಾ ಕೈತಪ್ಪಬಹುದು.

ಎರಡುಡಿಸ್ಕ್:

ತುಂಬಾ ಧನ್ಯವಾದ. ಆ ಪ್ರೋಗ್ರಾಮ್ ತೆಗೆದುಹಾಕಿದೆ. ಬ್ಯಾಕಪ್ ಆಯಿತು, ನಡುವೆ ಎರಡು ಸಲ ಹ್ಯಾಂಗ್ ಆಯಿತು, ಆದರೂ ಎಲ್ಲಾ ಫೈಲ್ ಬಂದಿವೆ.

ಮೊದಲ ಕಂಟ್ರೋಲರ್ 8086, ಎರಡನೆಯದು 1ಬಿ21, ಎರಡೂ 010601. ಸ್ಮಾರ್ಟ್‌ನಲ್ಲಿ 05 ಮತ್ತು ಸಿ5 ಎರಡೂ ಸೊನ್ನೆ. ಸಿ7 ಮಾತ್ರ 1ಎ4 ಅಂತ ಇದೆ, ನಿನ್ನೆ 19ಎಫ್ ಇತ್ತು. ಇದೇನು ಅಕ್ಷರ ಎಲ್ಲಾ ಸೇರಿದೆ? ಮೇಲೆ ಟ್ರಾನ್ಸ್‌ಫರ್ ಮೋಡ್ ಅಂತ ಇರುವಲ್ಲಿ ಸಾಟಾ/300 | ಸಾಟಾ/600 ಅಂತ ತೋರಿಸುತ್ತದೆ.

ಕೇಬಲ್‌ಮೊದಲು:

ಸಿಕ್ಕಿತು ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಂಖ್ಯೆಗಳನ್ನು ಹೆಕ್ಸ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ. 1ಎ4 ಅಂದರೆ 420, 19ಎಫ್ ಅಂದರೆ 415. ಒಂದು ದಿನದಲ್ಲಿ ಐದು ಜಾಸ್ತಿ.

ಸಿ7 ಅನ್ನೋದು ಸಿಆರ್‌ಸಿ ತಪ್ಪುಗಳ ಲೆಕ್ಕ. ಡಿಸ್ಕ್ ಮತ್ತು ಕಂಟ್ರೋಲರ್ ನಡುವೆ ಹೋಗುವಾಗ ಡೇಟಾ ಕೆಟ್ಟು, ಮತ್ತೆ ಕಳಿಸಬೇಕಾಗಿ ಬಂದದ್ದು ಎಷ್ಟು ಸಲ ಅಂತ. 05, ಸಿ5 ಅನ್ನೋದು ಡಿಸ್ಕ್‌ನಲ್ಲಿ ಕೆಟ್ಟ ಜಾಗಗಳ ಲೆಕ್ಕ, ಅವು ಸೊನ್ನೆ ಇರುವುದರಿಂದ ಡಿಸ್ಕ್‌ನ ತಟ್ಟೆ ಚೆನ್ನಾಗಿಯೇ ಇರುವ ಹಾಗಿದೆ, ಕೆಟ್ಟಿರುವುದು ದಾರಿ. ಸಾಟಾ/300 ಕೂಡ ಅದನ್ನೇ ಹೇಳುತ್ತಿದೆ. ಡಿಸ್ಕ್ 600ಕ್ಕೆ ತಯಾರಿದೆ, ಪೋರ್ಟ್ ಸಹ 600ರದ್ದಾಗಿದ್ದರೆ ಸಂಪರ್ಕ ಸರಿಯಿಲ್ಲದೆ ಅರ್ಧಕ್ಕೆ ಇಳಿದಿದೆ ಅಂತ ಅರ್ಥ. ಇದಕ್ಕೆ ಯಾವ ಡ್ರೈವರ್ ಹಾಕಿದರೂ ಪ್ರಯೋಜನವಿಲ್ಲ.

ಡಿವೈಸ್ ಮ್ಯಾನೇಜರ್‌ನಲ್ಲಿ ವ್ಯೂ ಮೆನುವಿಗೆ ಹೋಗಿ ‘ಡಿವೈಸಸ್ ಬೈ ಕನೆಕ್ಷನ್’ ಮಾಡಿ. ಯಾವ ಡಿಸ್ಕ್ ಯಾವ ಕಂಟ್ರೋಲರ್ ಕೆಳಗೆ ನೇತಾಡುತ್ತಿದೆ ಕಾಣಿಸುತ್ತದೆ. ನಿಮ್ಮ ಹಾರ್ಡ್ ಡಿಸ್ಕ್ 1ಬಿ21ರ ಕೆಳಗೆ ಇರುತ್ತದೆ ಅಂತ ನನ್ನ ಊಹೆ. ಅದು ಬೋರ್ಡ್ ತಯಾರಕರು ಪೋರ್ಟ್ ಸಂಖ್ಯೆ ಹೆಚ್ಚಿಸಲು ಸೇರಿಸಿದ ಪ್ರತ್ಯೇಕ ಚಿಪ್. ಎಷ್ಟೋ ಬೋರ್ಡ್‌ಗಳಲ್ಲಿ ಬರುವ ಎಎಸ್‌ಎಂ1061 ಎರಡು ಸಾಟಾ ಪೋರ್ಟನ್ನು ಒಂದೇ ಪಿಸಿಐ ಎಕ್ಸ್‌ಪ್ರೆಸ್ ಲೇನ್ ಮೇಲೆ ನಡೆಸುತ್ತದೆ. ಚಿಪ್‌ಸೆಟ್ ಪೋರ್ಟ್ ಖಾಲಿ ಇರುವಾಗ ಇದನ್ನು ಬಳಸುವ ಅಗತ್ಯವೇ ಇಲ್ಲ.

ಯಂತ್ರ ಆಫ್ ಮಾಡಿ, ಪವರ್ ಕಿತ್ತು, ಹೊಸ ಸಾಟಾ ಕೇಬಲ್ ಹಾಕಿ, ಚಿಪ್‌ಸೆಟ್‌ನ ಪೋರ್ಟ್‌ಗೆ ಚುಚ್ಚಿ. ಕೇಬಲ್ ತುದಿಯಲ್ಲಿ ಲೋಹದ ಕ್ಲಿಪ್ ಇರುವುದನ್ನೇ ಆರಿಸಿ, ಕ್ಲಿಪ್ ಇಲ್ಲದವು ಅಲುಗಾಟಕ್ಕೆ ಸಡಿಲವಾಗುತ್ತವೆ. ಯಾವ ಪೋರ್ಟ್ ಯಾವುದರದು ಅಂತ ಬೋರ್ಡಿನ ಮ್ಯಾನುಯಲ್‌ನಲ್ಲಿರುತ್ತದೆ. ವಿಂಡೋಸ್ ಡಿಸ್ಕನ್ನು ಅದರ ಒಳಗಿನ ಗುರುತಿನಿಂದ ಹಿಡಿಯುತ್ತದೆ, ಪೋರ್ಟ್ ಬದಲಾಯಿಸಿದರೆ ಫೈಲ್‌ಗಳಿಗೆ ಏನೂ ಆಗುವುದಿಲ್ಲ. ಸಿ7 ಸೊನ್ನೆಗೆ ಇಳಿಯಲ್ಲ, ಅದು ಡಿಸ್ಕ್ ಇರುವವರೆಗೂ ಉಳಿಯುವ ಲೆಕ್ಕ. ಮತ್ತೆ ಏರದಿದ್ದರೆ ಸಾಕು.

ಪೆಂಗ್ವಿನ್‌ಮನೆ:

ಲಿನಕ್ಸ್ ಕಡೆಯಿಂದ ಒಂದು ಮಾತು. ಇಲ್ಲಿ ಎಎಚ್‌ಸಿಐ, ಎನ್‌ವಿಎಂಇ ಡ್ರೈವರ್ ಎರಡೂ ಕರ್ನಲ್ ಜೊತೆಗೇ ಬರುತ್ತವೆ, ಬೇರೆ ಹುಡುಕುವ ಕೆಲಸವಿಲ್ಲ. ಆದರೆ ಬಯೋಸ್ ರೇಡ್ ಮೋಡ್‌ನಲ್ಲಿದ್ದರೆ ಕೆಲವು ಇಂಟೆಲ್ ಯಂತ್ರಗಳಲ್ಲಿ ಎನ್‌ವಿಎಂಇ ಡಿಸ್ಕ್ ಕಾಣಿಸುವುದೇ ಇಲ್ಲ, ಎಎಚ್‌ಸಿಐಗೆ ಬದಲಾಯಿಸಬೇಕಾಗುತ್ತದೆ. ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ (ಮೇಲಿನವರು ಹೇಳಿದ ಹಾಗೆ ನಿಜವಾದ ರೇಡ್ ಇಲ್ಲದಿದ್ದರೆ ಮಾತ್ರ) ಮೊದಲು ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್‌ನಿಂದ ಸೇಫ್ ಬೂಟ್ ಹಾಕಿ, ರೀಸ್ಟಾರ್ಟ್ ಆಗುವಾಗ ನೇರ ಬಯೋಸ್‌ಗೆ ಹೋಗಿ ಮೋಡ್ ಬದಲಾಯಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಒಳಗೆ ಹೋಗಿ, ಆಮೇಲೆ ಸೇಫ್ ಬೂಟ್ ಟಿಕ್ ತೆಗೆಯಿರಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ಸ್ಟ್ಯಾಂಡರ್ಡ್ ಡ್ರೈವರನ್ನು ಎಬ್ಬಿಸಿಕೊಳ್ಳುತ್ತದೆ, ನೀಲಿ ಪರದೆ ತಪ್ಪುತ್ತದೆ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ) ಇದ್ದವರು ರಿಕವರಿ ಕೀ ಕೈಯಲ್ಲಿಟ್ಟುಕೊಂಡೇ ಶುರುಮಾಡಿ, ಬಯೋಸ್ ಬದಲಾದಾಗ ಅದು ಕೇಳುವ ಸಾಧ್ಯತೆ ಇದೆ. ಸೇಫ್ ಮೋಡ್‌ನಲ್ಲಿ ಒಳಗೆ ಹೋಗಲು ಪಿನ್ ಮಾತ್ರ ನೆನಪಿದ್ದರೆ ಸಾಲದು, ಪಾಸ್‌ವರ್ಡ್ ಸಹ ಬೇಕಾಗಬಹುದು.

ಎರಡುಡಿಸ್ಕ್:

ಆರು ದಿನ ಆಯಿತು, ಒಂದು ಸಲವೂ ಹ್ಯಾಂಗ್ ಆಗಿಲ್ಲ! ಊಹೆ ಸರಿಯಾಗಿತ್ತು, ಹಾರ್ಡ್ ಡಿಸ್ಕ್ 1ಬಿ21ರ ಕೆಳಗೇ ಇತ್ತು. ಹಳೆಯ ಕೇಬಲ್ ಕೇಸಿನ ಬಾಗಿಲಿಗೆ ಒತ್ತಿಕೊಂಡು ತುದಿಯಲ್ಲಿ ತೀರಾ ಮಡಚಿಹೋಗಿತ್ತು. ಹಿಂದೆ ಫ್ಯಾನ್ ಹಾಕಿಸಿದಾಗ ಆಗಿರಬೇಕು. ಈಗ ಸಾಟಾ/600 | ಸಾಟಾ/600 ಅಂತಿದೆ, ಸಿ7 1ಎ6ರಲ್ಲೇ ನಿಂತಿದೆ. ಡ್ರೈವರ್ ಅದೇ ಸ್ಟ್ಯಾಂಡರ್ಡ್, ಅದೇ 2006. ಆ ಫೋಟೋಗಳಲ್ಲಿ ಈಗ ಇಲ್ಲದವರ ಮುಖಗಳಿವೆ, ನಿಮಗೆಲ್ಲಾ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ.

ಎಎಸ್‌ಮೀಡಿಯಾ ಪೋರ್ಟ್‌ಗಳಲ್ಲಿ ಈಗ ಏನೂ ಇಲ್ಲ, ಬಯೋಸ್‌ನಲ್ಲಿ ಆಫ್ ಮಾಡಿಬಿಡಲಾ?

ಕೇಬಲ್‌ಮೊದಲು:

ಕೇಳಿ ತುಂಬಾ ಸಂತೋಷವಾಯಿತು. ಆಫ್ ಮಾಡಬಹುದು, ತೊಂದರೆಯಿಲ್ಲ. ಕೆಲವು ಬೋರ್ಡ್‌ಗಳಲ್ಲಿ ಬೂಟ್ ಆಗುವಾಗ ಒಂದೆರಡು ಸೆಕೆಂಡ್ ಉಳಿಯುತ್ತದೆ ಸಹ. ಮುಂದೆ ಯಾವತ್ತಾದರೂ ಆ ಪೋರ್ಟ್‌ಗೆ ಡಿಸ್ಕ್ ಹಾಕಿ ಅದು ಕಾಣಿಸದೇ ಇದ್ದರೆ ಇದನ್ನು ಆಫ್ ಮಾಡಿದ್ದು ನೆನಪಿರಲಿ, ಕೇಸಿನ ಒಳಗೆ ಒಂದು ಚೀಟಿ ಅಂಟಿಸಿಡಿ. ಬ್ಯಾಕಪ್ ಮಾಡಿದ ಡಿಸ್ಕನ್ನು ಮಾತ್ರ ಅಳಿಸಬೇಡಿ, ಬಿಚ್ಚಿ ಬೇರೆ ಕಡೆ ಇಟ್ಟುಬಿಡಿ.